ಸಿಂಹ ಸಿಂಗಲ್ ಅಲ್ಲ ಗುರು!

(1/8)

ಗೊರಗುಂಟೆಪಾಳ್ಯ ಜಂಕ್ಷನ್‌ನಲ್ಲಿ ಎಷ್ಟು ಸಿಂಹ ಇವೆ ಅಂತ ಯಾವತ್ತಾದ್ರೂ ಎಣಿಸಿದ್ದೀರಾ? ತುಮಕೂರು ರಸ್ತೆಯ ಲಾರಿ ಹಿಂದೆ ಒಂದು. ಆಟೋ ಗ್ಲಾಸಿನ ಮೇಲೆ ಒಂದು. ಬೈಕ್ ಟ್ಯಾಂಕ್ ಮೇಲೆ ಸ್ಟಿಕ್ಕರ್ ಒಂದು. ಆರ್‌ಸಿಬಿ ಜೆರ್ಸಿಯ ಎದೆ ಮೇಲೆ ಒಂದು. ಇನ್ನು ನಮ್ಮ ಹುಡುಗರ ಡಿಪಿ, ಸ್ಟೇಟಸ್, ರೀಲ್ಸ್‌ನಲ್ಲಿ ಇರೋದಕ್ಕೆ ಲೆಕ್ಕನೇ ಇಲ್ಲ.

ಈ ರೀಲ್ಸ್ ಸಿಂಹಗಳನ್ನ ಸ್ವಲ್ಪ ಗಮನಿಸಿ. ಎಲ್ಲವೂ ಒಂಟಿ. ಕಪ್ಪು ಹಿನ್ನೆಲೆ, ಮುಖದ ಅರ್ಧಕ್ಕೆ ಬೆಳಕು, ಹಿಂದೆ ಬಿಜಿಎಂ. ಕೆಳಗೆ ಒಂದು ಲೈನ್: ಗುಂಪು ಕಟ್ಕೊಂಡು ಬರೋದು ಹಂದಿ, ಸಿಂಹ ಯಾವಾಗ್ಲೂ ಸಿಂಗಲ್ಲು. ಸಿನಿಮಾ ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆಯೋಕೆ ಸೂಪರ್ ಆಗಿರೋ ಮಾತು. ಆದ್ರೆ ನಮ್ಮಲ್ಲಿ ಕೆಲವರು ಇದನ್ನ ಬದುಕೋ ರೂಲ್ ಮಾಡ್ಕೊಂಡಿದ್ದಾರೆ. ಯಾರ ಹತ್ರನೂ ಏನೂ ಕೇಳಲ್ಲ. ನೋಟ್ಸ್ ಕೇಳಲ್ಲ, ಸಹಾಯ ಕೇಳಲ್ಲ, ಬೇಜಾರಾದ್ರೆ ಹೇಳಲ್ಲ. ಏನಾಯ್ತು ಅಂತ ಕೇಳಿದ್ರೆ ಒಂದು ಸಿಂಹದ ಫೋಟೋ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಆ ಲೈನ್ ಸುಳ್ಳು, ಮತ್ತು ಅದನ್ನ ನಂಬೋದ್ರಿಂದ ನಮ್ಮ ವಯಸ್ಸಿನವರಿಗೆ ನಷ್ಟ ಇದೆ. ಬೆಕ್ಕಿನ ಕುಲದಲ್ಲಿ ಹುಲಿ ಒಂಟಿ, ಚಿರತೆ ಒಂಟಿ. ಅಜ್ಜಿ, ಅಮ್ಮ, ಚಿಕ್ಕಮ್ಮ, ಅಕ್ಕ, ತಂಗಿ, ಮರಿಗಳು ಅಂತ ದೊಡ್ಡ ಸಂಸಾರ ಕಟ್ಟಿಕೊಂಡು ಬಾಳೋದು ಸಿಂಹ. ಒಂಟಿತನಕ್ಕೆ ಒಂದು ಗುರುತು ಬೇಕೇ ಬೇಕು ಅಂದ್ರೆ ಬಂಡೀಪುರ, ನಾಗರಹೊಳೆಯಲ್ಲಿ ನಮ್ಮದೇ ಹುಲಿ ಇದೆ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ. ಡಿಪಿಗೆ ಸಾಕಾಗುತ್ತೆ.

ಮುಂದಿನ ಏಳು ಪೋಸ್ಟ್‌ನಲ್ಲಿ ಆಫ್ರಿಕಾದ ಸಿಂಹ ನಿಜವಾಗಿ ಹೇಗೆ ಬದುಕುತ್ತೆ ಅಂತ ಹೇಳ್ತೀನಿ. ಉದ್ದ ಇದೆ. ಮೆಟ್ರೋದಲ್ಲಿ ಓದಿ.

(2/8) ದೇಹ

ಮೊದಲು ಸೈಜ್. ಆಫ್ರಿಕಾದ ದೊಡ್ಡ ಗಂಡು ಸಿಂಹ ಸುಮಾರು 200 ಕೆ.ಜಿ. ತೂಗುತ್ತೆ. ಅಂದ್ರೆ 50 ಕೆ.ಜಿ.ಯ ಅಕ್ಕಿ ಮೂಟೆ ನಾಲ್ಕು. ಹೆಣ್ಣು ಸಿಂಹ ಅದಕ್ಕಿಂತ ಚಿಕ್ಕದು, 120-130 ಕೆ.ಜಿ. ಆಸುಪಾಸು. ಬಾಲದ ತುದಿಯಲ್ಲಿ ಕಪ್ಪು ಕುಚ್ಚು ಇರೋ ಬೆಕ್ಕು ಇದೊಂದೇ. ದಿನದಲ್ಲಿ ಸುಮಾರು 20 ಗಂಟೆ ಮಲಗಿಯೋ, ಸುಮ್ಮನೆ ಬಿದ್ದುಕೊಂಡೋ ಕಳೆಯುತ್ತೆ. (ಈ ಒಂದು ವಿಷಯದಲ್ಲಿ ನಮ್ಮ ಕ್ಲಾಸಲ್ಲಿ ನಿಜವಾದ ಸಿಂಹಗಳು ಇದ್ದಾರೆ, ಒಪ್ತೀನಿ.)

ಇಷ್ಟು ಬಲ ಇದ್ರೂ ಅದಕ್ಕೆ ಒಂದು ದೊಡ್ಡ ಕೊರತೆ ಇದೆ. ದೇಹದ ಗಾತ್ರಕ್ಕೆ ಹೋಲಿಸಿದ್ರೆ ಹೃದಯ ಚಿಕ್ಕದು. ಹಾಗಾಗಿ ಜೋರಾಗಿ ಓಡಬಲ್ಲದು, ಆದ್ರೆ ಸ್ವಲ್ಪ ದೂರ ಮಾತ್ರ. ಆಮೇಲೆ ಉಸಿರು ಕಟ್ಟುತ್ತೆ. ಜೀಬ್ರಾ, ವೈಲ್ಡ್‌ಬೀಸ್ಟ್ ಇದಕ್ಕಿಂತ ತುಂಬಾ ಹೊತ್ತು ಓಡ್ತವೆ. ಬೇಟೆಗೆ ಹೋದಾಗೆಲ್ಲ ಸಿಕ್ಕಿಬಿಡಲ್ಲ, ಬಹಳ ಸಲ ಬರಿಗೈ. ಒಂಟಿಯಾಗಿ ಹೋದ್ರೆ ಇನ್ನೂ ಕಷ್ಟ.

ಅದಕ್ಕೇ ಪ್ಲಾನ್ ಬೇಕು. ನಮೀಬಿಯಾ ದೇಶದ ಎಟೋಶಾ ಬಯಲಲ್ಲಿ ಫಿಲಿಪ್ ಸ್ಟ್ಯಾಂಡರ್ ಅನ್ನೋ ವಿಜ್ಞಾನಿ ಹೆಣ್ಣು ಸಿಂಹಗಳ ಬೇಟೆಯನ್ನ ವರ್ಷಗಟ್ಟಲೆ ನೋಡಿ 1992ರಲ್ಲಿ ಬರೆದ್ರು: ಕೆಲವು ಸಿಂಹಿಣಿಗಳು ಯಾವಾಗ್ಲೂ ಪಕ್ಕದಿಂದ ಸುತ್ತು ಹಾಕಿಕೊಂಡು ಹೋಗ್ತವೆ, ಕೆಲವು ನಡುವಲ್ಲಿ ಹುಲ್ಲಿಗೆ ಅಂಟಿಕೊಂಡು ಕಾಯ್ತವೆ. ಪಕ್ಕದವು ಓಡಿಸ್ತವೆ, ನಡುವಿನವು ಹಿಡಿತವೆ. ಪ್ರತಿಯೊಂದೂ ತನಗೆ ಅಭ್ಯಾಸ ಇರೋ ಜಾಗದಲ್ಲೇ ನಿಂತ್ರೆ ಬೇಟೆ ಸಿಗೋದು ಹೆಚ್ಚು. ಕಬಡ್ಡಿ ಆಡೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕಾರ್ನರ್, ಕವರ್ ಬಿಟ್ಟು ಒಬ್ಬನೇ ರೈಡರ್‌ನ ಹಿಡಿತೀನಿ ಅಂತ ಹೋದವನ ಗತಿ ಗೊತ್ತಲ್ಲ.

ಗಂಡು ಸಿಂಹ ಸೋಮಾರಿ, ಬೇಟೆನೇ ಆಡಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಪೊದೆ ದಟ್ಟವಾಗಿರೋ ಕಡೆ ಅವೂ ಹೊಂಚು ಹಾಕಿ ಹಿಡಿತವೆ. ಕತ್ತೆಕಿರುಬ ಹಿಡಿದದ್ದನ್ನ ಕಿತ್ಕೊಂಡು ತಿನ್ನೋದೂ ಉಂಟು. ರಾಜ ಅಂತೀವಿ, ಅದು ನಮ್ಮ ಮಾತು.

(3/8) ಗರ್ಜನೆ

ಸಿಂಹದ ಗರ್ಜನೆ 8 ಕಿ.ಮೀ.ವರೆಗೂ ಕೇಳಿಸಬಹುದು. ಗಾಡಿ ಸದ್ದೆಲ್ಲ ನಿಂತ ಒಂದು ರಾತ್ರಿ (ನಮ್ಮ ಏರಿಯಾದಲ್ಲಿ ಅಂಥ ರಾತ್ರಿ ಇಲ್ಲ, ಸುಮ್ನೆ ಊಹಿಸಿಕೊಳ್ಳಿ) ಗೊರಗುಂಟೆಪಾಳ್ಯದಲ್ಲಿ ಗರ್ಜಿಸಿದ್ರೆ ಮೆಜೆಸ್ಟಿಕ್‌ನಲ್ಲಿ ಕೇಳಿಸುತ್ತೆ.

ಯಾಕೆ ಗರ್ಜಿಸುತ್ತೆ? ರೀಲ್ಸ್ ಪ್ರಕಾರ ಕೋಪಕ್ಕೆ. ನಿಜದಲ್ಲಿ ಎರಡು ಕೆಲಸಕ್ಕೆ. ತನ್ನವರಿಗೆ "ನಾನಿಲ್ಲಿದ್ದೀನಿ" ಅಂತ ಹೇಳೋಕೆ. ಹೊರಗಿನವರಿಗೆ "ಇದು ನಮ್ಮ ಜಾಗ" ಅಂತ ಹೇಳೋಕೆ. ಹಿಂಡಿನವರು ಬೇರೆ ಬೇರೆ ಕಡೆ ಚದುರಿಕೊಂಡು ಇರ್ತಾರೆ, ಒಬ್ಬರನ್ನೊಬ್ಬರು ಹುಡುಕೋಕೆ ಈ ದನಿನೇ ಲೊಕೇಶನ್. ಸಿಕ್ಕ ಮೇಲೆ ತಲೆಗೆ ತಲೆ, ಕೆನ್ನೆಗೆ ಕೆನ್ನೆ ಉಜ್ಜಿ ಮಾತಾಡಿಸ್ಕೊಳ್ತವೆ.

ಟಾಂಜಾನಿಯಾದ ಸೆರೆಂಗೆಟಿಯಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಶುರು ಮಾಡಿದ ಅಧ್ಯಯನವನ್ನ 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಅವರ ಜೊತೆಯವರು ದಶಕಗಟ್ಟಲೆ ಮುಂದುವರಿಸಿದ್ರು. ಅಲ್ಲಿ ಕ್ಯಾರೆನ್ ಮೆಕ್‌ಕಾಂಬ್ ಮತ್ತು ತಂಡ ಒಂದು ಮಜವಾದ ಪರೀಕ್ಷೆ ಮಾಡ್ತು. ಸ್ಪೀಕರ್ ಇಟ್ಟು ಅಪರಿಚಿತ ಸಿಂಹಿಣಿಗಳ ಗರ್ಜನೆ ಕೇಳಿಸಿದ್ರು. ಒಮ್ಮೆ ಒಂದರ ದನಿ, ಒಮ್ಮೆ ಮೂರರ ದನಿ. ಕೇಳಿದ ಸಿಂಹಿಣಿಗಳು ಎಣಿಸಿದವು! "ಅವರೆಷ್ಟು ಜನ, ನಾವೆಷ್ಟು ಜನ" ಅಂತ ಲೆಕ್ಕ ಹಾಕಿ, ತಾವು ಹೆಚ್ಚಿದ್ರೆ ಮುಂದೆ ಹೋದವು. ಕಡಿಮೆ ಇದ್ರೆ ಹಿಂಜರಿದವು, ಗರ್ಜಿಸಿ ದೂರದ ತಮ್ಮವರನ್ನ ಕರೆದವು. ಇದು 1994ರಲ್ಲಿ ಪ್ರಕಟವಾಯ್ತು.

ಈಗ ಇಡೀ ಸರಣಿಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ವಿಷಯ ಕೇಳಿ. ತನ್ನದು ಅಂತ ಜಾಗ ಇಲ್ಲದೆ, ಹಿಂಡು ಇಲ್ಲದೆ ಅಲೆಯೋ ಗಂಡು ಸಿಂಹ ಗರ್ಜಿಸೋದೇ ಅಪರೂಪ. ಬಾಯಿ ಬಿಟ್ರೆ ಎಲ್ಲಿದ್ದೀನಿ ಅಂತ ಗೊತ್ತಾಗುತ್ತೆ, ಆ ಜಾಗದ ಗಂಡುಗಳು ಬಂದು ಹೊಡಿತವೆ. ಸುಮ್ಮನಿರೋದೇ ಅದಕ್ಕೆ ಕ್ಷೇಮ.

ಅರ್ಥ ಆಯ್ತಾ? ರೀಲ್ಸಲ್ಲಿ ಜೋರಾಗಿ ಗರ್ಜಿಸೋದು ಸಿಂಗಲ್ ಸಿಂಹ. ಕಾಡಲ್ಲಿ ಸಿಂಗಲ್ ಸಿಂಹ ಬಾಯಿ ಮುಚ್ಕೊಂಡು, ಹೆದರಿಕೊಂಡು ಓಡಾಡುತ್ತೆ. ಗರ್ಜನೆ ಬರೋದು ಹಿಂದೆ ಜನ ಇದ್ದಾಗ.

(4/8) ಹೆಣ್ಣುಮಕ್ಕಳ ಮನೆ

ಸಿಂಹದ ಹಿಂಡು ಯಾರದ್ದು ಅಂತ ಕೇಳಿದ್ರೆ ಎಲ್ಲರೂ ಗಂಡಿನ ಕಡೆ ಕೈ ತೋರಿಸ್ತಾರೆ. ಆದ್ರೆ ಗಂಡು ಬಂದು ಹೋಗೋದು. ಹೆಚ್ಚಿನ ಕಡೆ ಎರಡು-ಮೂರು ವರ್ಷ ಇರುತ್ತೆ, ಆಮೇಲೆ ಬೇರೆ ಗಂಡುಗಳು ಓಡಿಸಿ ತಾವು ಬರ್ತವೆ. ಉಳಿಯೋದು ಹೆಣ್ಣುಗಳು. ಒಂದೇ ವಂಶದ ನಾಲ್ಕೋ ಆರೋ ಹೆಣ್ಣು ಸಿಂಹಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ಹೆಣ್ಣುಮರಿಗಳಲ್ಲಿ ಬಹಳಷ್ಟು ಹುಟ್ಟಿದ ಹಿಂಡಲ್ಲೇ ಬೆಳೆದು ಅಲ್ಲೇ ತಾಯಿ ಆಗ್ತವೆ. ಆ ಜಾಗ, ಆ ನೀರಿನ ಹಳ್ಳ, ಆ ನೆರಳು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬರುತ್ತೆ.

ಬಸುರಿಯಾದ ಸಿಂಹಿಣಿ ಸುಮಾರು 110 ದಿನಕ್ಕೆ ಮರಿ ಹಾಕುತ್ತೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಮೊದಲ ಒಂದೂವರೆ ತಿಂಗಳು ಹಿಂಡಿನಿಂದ ದೂರ, ಪೊದೆಯಲ್ಲೋ ಬಂಡೆ ಸಂದಿಯಲ್ಲೋ ಬಚ್ಚಿಟ್ಟು ಸಾಕುತ್ತೆ. ಆಮೇಲೆ ಮರಿಗಳನ್ನ ಕರ್ಕೊಂಡು ಹಿಂಡಿಗೆ ಬರುತ್ತೆ. ಅಷ್ಟೊತ್ತಿಗೆ ಅದೇ ವಯಸ್ಸಿನ ಮರಿ ಇರೋ ಬೇರೆ ತಾಯಂದಿರೂ ಇದ್ರೆ ಎಲ್ಲ ಮರಿಗಳೂ ಒಂದೇ ಕಡೆ ಬೆಳಿತವೆ. ಒಂದರ ಮರಿ ಇನ್ನೊಂದರ ಹಾಲು ಕುಡಿಯೋದೂ ಉಂಟು.

ಇದು ನಮಗೆ ಹೊಸದಾ? ತುಮಕೂರು ರಸ್ತೆ, ಪೀಣ್ಯ ಕಡೆಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆನೇ ಹೊರಡೋ ಅಮ್ಮಂದಿರನ್ನ ನೋಡಿ. ಅವರ ಮಗು ಪಕ್ಕದ್ಮನೆ ಆಂಟಿ ಹತ್ರ ಊಟ ಮಾಡುತ್ತೆ, ಕೆಳಗಿನ ಮನೆ ಅಜ್ಜಿ ಹತ್ರ ಮಲಗುತ್ತೆ, ಮೇಲಿನ ಮನೆ ಅಕ್ಕ ಸ್ಕೂಲಿಂದ ಕರ್ಕೊಂಡು ಬರ್ತಾಳೆ. ಆ ಆಂಟಿಗೆ ಜ್ವರ ಬಂದ ದಿನ ಇವರು ರಜೆ ಹಾಕಿ ಅವರ ಮಕ್ಕಳನ್ನೂ ನೋಡ್ಕೊಳ್ತಾರೆ. ನಮ್ಮಲ್ಲಿ ಎಷ್ಟೋ ಜನ ಬೆಳೆದದ್ದೇ ಹೀಗೆ. "ನಾನು ಯಾರ ಹಂಗಿಲ್ಲದೆ ಬೆಳೆದ ಸಿಂಹ" ಅಂತ ಸ್ಟೇಟಸ್ ಹಾಕೋ ಮುಂಚೆ ಎಷ್ಟು ಮನೆ ಅನ್ನ ತಿಂದಿದ್ದೀವಿ ಅಂತ ಒಮ್ಮೆ ಲೆಕ್ಕ ಹಾಕೋಣ.

ಇನ್ನೊಂದು ವಿಷಯ. ಹುಡುಗಿಯರು ನಾಲ್ಕೈದು ಜನ ಒಟ್ಟಿಗೆ ಮೆಟ್ರೋ ಹತ್ತಿದ್ರೆ "ಕುರಿ ಮಂದೆ ಬಂತು" ಅಂತ ಕೆಲವರು ಕಾಮೆಂಟ್ ಹೊಡಿತಾರೆ. ಒಟ್ಟಿಗೆ ಓಡಾಡೋದು, ಒಬ್ಬರಿಗೊಬ್ಬರು ಕಾಯೋದು, ಮನೆ ಸೇರಿದ್ಯಾ ಅಂತ ಮೆಸೇಜ್ ಹಾಕೋದು, ಇದನ್ನೇ ಸಿಂಹ ಮಾಡೋದು.

(5/8) ಹುಡುಗರ ಕಥೆ

ಗಂಡುಮರಿಗೆ ಎರಡು-ಮೂರು ವರ್ಷ ಆಗ್ತಿದ್ದ ಹಾಗೆ ಹುಟ್ಟಿದ ಹಿಂಡು ಬಿಡಬೇಕು. ಕೇಸರ ಇನ್ನೂ ಪೂರ್ತಿ ಬೆಳೆದಿರಲ್ಲ, ಬೇಟೆ ಸರಿಯಾಗಿ ಕೈಗೆ ಹತ್ತಿರಲ್ಲ, ಹೋದಲ್ಲೆಲ್ಲ ಬೇರೆಯವರ ಜಾಗ. ಪಿಯುಸಿ ಮುಗಿಸಿ ಯಾವ ಕಾಲೇಜು, ಯಾವ ಕೆಲಸ ಅಂತ ತಲೆ ಕೆಡಿಸ್ಕೊಂಡಿರೋ ನಮ್ಮದೇ ವಯಸ್ಸು ಅನ್ಕೊಳ್ಳಿ.

ಆಗ ಅವು ಏನು ಮಾಡ್ತವೆ? ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು, ಚಿಕ್ಕಮ್ಮನ ಮಕ್ಕಳು ಸೇರಿಕೊಂಡೇ ಹೊರಡ್ತಾರೆ. ಜೊತೆಗೆ ಯಾರೂ ಇಲ್ಲದ ಗಂಡು ಇನ್ನೊಂದು ಒಂಟಿ ಗಂಡನ್ನ ಹುಡುಕಿ ಜೋಡಿ ಆಗೋದೂ ಸಾಮಾನ್ಯ. ರಕ್ತಸಂಬಂಧ ಏನೂ ಇಲ್ಲ, ದಾರಿಯಲ್ಲಿ ಸಿಕ್ಕ ಗೆಳೆಯ ಅಷ್ಟೇ. ಡಿಎನ್‌ಎ ಪರೀಕ್ಷೆಯಲ್ಲೂ ಇದು ಖಚಿತ ಆಗಿದೆ: ನಾಲ್ಕು ಅಥವಾ ಹೆಚ್ಚು ಗಂಡುಗಳ ದೊಡ್ಡ ಗುಂಪಲ್ಲಿ ಎಲ್ಲ ಸಂಬಂಧಿಕರು. ಎರಡು-ಮೂರರ ಚಿಕ್ಕ ಗುಂಪುಗಳಲ್ಲಿ ಸಂಬಂಧ ಇಲ್ಲದವರೂ ಇರ್ತಾರೆ.

ಒಂಟಿ ಗಂಡಿಗೆ ಒಂದು ಹಿಂಡು ಸಿಗೋದು ಕಷ್ಟ, ಸಿಕ್ಕಿದ್ರೂ ಉಳಿಸ್ಕೊಳ್ಳೋದು ಇನ್ನೂ ಕಷ್ಟ. ಜೊತೆಗಾರರು ಹೆಚ್ಚಿದ್ದಷ್ಟೂ ಹೆಚ್ಚು ಕಾಲ ನಿಲ್ತಾರೆ.

ಇದೇ ಸೆರೆಂಗೆಟಿ ತಂಡ 1995ರಲ್ಲಿ ಇನ್ನೊಂದು ವಿಷಯ ಹೇಳ್ತು. ಅಪರಿಚಿತ ಗಂಡಿನ ಗರ್ಜನೆ ಸ್ಪೀಕರ್‌ನಲ್ಲಿ ಹಾಕಿದಾಗ ಜೊತೆಗಾರ ಗಂಡುಗಳು ಸೇರಿ ಎದುರಿಸೋಕೆ ಹೊರಟವು. ಸ್ವಂತ ಅಣ್ಣತಮ್ಮ ಆಗಿದ್ರೂ ಹೊರಟವು, ಬರೀ ಗೆಳೆಯ ಆಗಿದ್ರೂ ಹೊರಟವು. ಜೊತೆಗಾರ ನೋಡ್ತಾ ಇಲ್ಲದಿದ್ದಾಗಲೂ ಹಿಂದೇಟು ಹಾಕಲಿಲ್ಲ.

ಹುಡುಗರಿಗೆ ಹೇಳೋದು ಇಷ್ಟೇ. "ಯಾರ ಸಪೋರ್ಟೂ ಬೇಡ ಮಗಾ, ನಾನು ಸಿಂಹ" ಅನ್ನೋದು ಸಿಂಹದ ಬಾಯಲ್ಲಿ ಬರೋ ಮಾತೇ ಅಲ್ಲ. ಗಂಡು ಸಿಂಹ ಗೆದ್ದಿರೋದು ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದಕ್ಕೆ.

(6/8) ಕೇಸರ

ಸರಿ, ಸ್ಟೈಲ್ ವಿಷಯಕ್ಕೆ ಬರೋಣ. ಕೇಸರಿ ಅನ್ನೋ ಹೆಸರು ಬಂದಿದ್ದೇ ಕೇಸರದಿಂದ, ಕೊರಳ ಸುತ್ತಿನ ಆ ಕೂದಲಿಂದ. ಹೆಣ್ಣಿಗೆ ಕೇಸರ ಇರಲ್ಲ. ಎಲ್ಲ ಗಂಡಿಗೂ ಒಂದೇ ಥರ ಇರಲ್ಲ. ಕೀನ್ಯಾದ ತ್ಸಾವೋದಂಥ ಬಿಸಿಲ ನಾಡಲ್ಲಿ ಕೇಸರವೇ ಕಡಿಮೆ ಇರೋ ಗಂಡುಗಳಿವೆ.

2002ರಲ್ಲಿ ಪೇಟನ್ ವೆಸ್ಟ್ ಮತ್ತು ಕ್ರೇಗ್ ಪ್ಯಾಕರ್ ಇದರ ಗುಟ್ಟು ಬರೆದ್ರು. ಸೆರೆಂಗೆಟಿಯಲ್ಲಿ ಸಿಂಹದಷ್ಟೇ ದೊಡ್ಡ ಬೊಂಬೆ ನಿಲ್ಲಿಸಿದ್ರು. ಒಂದಕ್ಕೆ ತಿಳಿ ಬಣ್ಣದ ಕೇಸರ, ಇನ್ನೊಂದಕ್ಕೆ ಕಪ್ಪು. ಒಂದಕ್ಕೆ ಗಿಡ್ಡ, ಇನ್ನೊಂದಕ್ಕೆ ಉದ್ದ. ಹೆಣ್ಣುಗಳು ಕಪ್ಪು ಕೇಸರದ ಬೊಂಬೆ ಕಡೆ ಹೋದವು. ಗಂಡುಗಳು ಕಪ್ಪು ಕೇಸರದಿಂದ, ಉದ್ದ ಕೇಸರದಿಂದ ದೂರ ಉಳಿದು, ತಿಳಿ ಬಣ್ಣದ್ದು, ಗಿಡ್ಡದ್ದು ಇದ್ದ ಕಡೆ ಹೋದವು. ಯಾಕಂದ್ರೆ ಕಪ್ಪು ಕೇಸರ ಅಂದ್ರೆ ಚೆನ್ನಾಗಿ ಉಂಡ, ಗಟ್ಟಿಮುಟ್ಟಾದ ಗಂಡು. ಗಾಯ ಆದ ಗಂಡಿನ ಕೇಸರ ಗಿಡ್ಡ ಆಗುತ್ತೆ. ಕಪ್ಪು ಕೇಸರಕ್ಕೆ ಬೆಲೆಯೂ ಇದೆ: ಮೈ ಹೆಚ್ಚು ಬಿಸಿ ಆಗುತ್ತೆ, ಸೆಕೆಗೆ ಒದ್ದಾಡಬೇಕು.

ಅಂದ್ರೆ ಆ ಕೇಸರ ಬೇರೆಯವರು ಓದೋ ಮಾರ್ಕ್ಸ್ ಕಾರ್ಡ್. ಸುತ್ತ ಓದೋರು ಯಾರೂ ಇಲ್ಲದಿದ್ರೆ ಅದು ಬರೀ ಸೆಕೆ. ಒಂಟಿತನದ ಪೋಸ್ಟರ್ ಮೇಲೆ ನಾವು ಹಾಕೋ ಆ ಮುಖ, ಆ ಕೂದಲು, ಜೊತೆಯಲ್ಲಿ ಬಾಳೋ ಪ್ರಾಣಿಯ ಗುರುತು.

(7/8) ಆದ್ರೆ... ಮತ್ತೆ ಬನ್ನೇರುಘಟ್ಟ

"ಹಾಗಾದ್ರೆ ಸಿಂಹದ ಥರನೇ ಬದುಕೋಣ ಅಂತೀರಾ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಬೇಡ. ಸಿಂಹದ ಸಂಸಾರ ಸ್ವರ್ಗ ಅಲ್ಲ. ಹೊಸ ಗಂಡುಗಳು ಹಿಂಡಿಗೆ ಬಂದ್ರೆ ಹಳೆ ಗಂಡುಗಳ ಮರಿಗಳನ್ನ ಕೊಂದು ಹಾಕ್ತವೆ. ಮರಿಗಳ ಸಾವಲ್ಲಿ ಸುಮಾರು ಕಾಲು ಭಾಗ ಹೀಗೇ ಆಗೋದು. (ತಾಯಂದಿರು ಒಟ್ಟಾಗಿ ಮರಿ ಸಾಕೋದಕ್ಕೆ ಇದೂ ಒಂದು ಕಾರಣ. ನಾಲ್ಕು ತಾಯಂದಿರು ಎದುರು ನಿಂತ್ರೆ ಮರಿ ಉಳಿಯೋ ಅವಕಾಶ ಹೆಚ್ಚು.) ಊಟದಲ್ಲಿ ಬಲ ಇದ್ದವನಿಗೆ ಮೊದಲ ಪಾಲು. ಜಾಗ ಕಾಯೋಕೆ ಹೊರಟಾಗ ಕೆಲವು ಸಿಂಹಿಣಿಗಳು ಬೇಕಂತಲೇ ಹಿಂದೆ ಉಳಿತವೆ, ಮುಂದಿನವು ತಿರುಗಿ ನೋಡ್ತವೆ, ಆದ್ರೂ ಹೋಗ್ತವೆ. ಪ್ರಾಜೆಕ್ಟ್ ಗ್ರೂಪಲ್ಲಿ ಹೆಸರು ಮಾತ್ರ ಹಾಕಿಸ್ಕೊಳ್ಳೋರು ಅಲ್ಲೂ ಇದ್ದಾರೆ!

ಗಿರ್ ಕಾಡಿನ ನಮ್ಮ ದೇಶದ ಸಿಂಹಗಳು ಸ್ವಲ್ಪ ಬೇರೆ. ಅಲ್ಲಿ ಹೆಣ್ಣುಗಳ ಗುಂಪು ಚಿಕ್ಕದು, ಗಂಡುಗಳು ಹೆಚ್ಚಿನ ಸಮಯ ಪ್ರತ್ಯೇಕ. ಅಲ್ಲೂ ಹೆಣ್ಣಿಗೆ ಹೆಣ್ಣು ಜೊತೆ, ಗಂಡಿಗೆ ಗಂಡು ಜೊತೆ. 2025ರ ಗಣತಿಯಲ್ಲಿ ಅವು 891. ಆಫ್ರಿಕಾದಲ್ಲಿ ಉಳಿದಿರೋದು ಸುಮಾರು 20-25 ಸಾವಿರ.

ನಾನು ಹೇಳ್ತಿರೋದು ಇಷ್ಟು: ಸಿಂಹವನ್ನ ಸಾಕ್ಷಿಗೆ ಕರೆದ್ರೆ ಅದು ಹೇಳೋದನ್ನ ಪೂರ್ತಿ ಕೇಳಬೇಕು. ಒಂಟಿತನದ ಪರ ಅದು ಸಾಕ್ಷಿ ಹೇಳಲ್ಲ.

ಹಾಗಾದ್ರೆ ಒಂಟಿ ಸಿಂಹ ಎಲ್ಲೂ ಇರಲಿಲ್ವಾ? ಇತ್ತು. ಸರ್ಕಸ್ ಬೋನಲ್ಲಿ. 1998ರಲ್ಲಿ ಕೇಂದ್ರ ಸರ್ಕಾರ ಸರ್ಕಸ್‌ನಲ್ಲಿ ಸಿಂಹ, ಹುಲಿ, ಚಿರತೆ, ಕರಡಿ, ಕೋತಿ ಆಡಿಸೋದನ್ನ ನಿಷೇಧಿಸ್ತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ಆಮೇಲೆ ಸರ್ಕಸ್‌ಗಳಿಂದ ಬಿಡಿಸಿದ ಸಿಂಹ, ಹುಲಿಗಳನ್ನ ಇಟ್ಟ ಜಾಗಗಳಲ್ಲಿ ನಮ್ಮ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರವೂ ಒಂದು. ಆ ಕಾಲದ ಸರ್ಕಸ್ ಸಿಂಹಗಳಲ್ಲಿ ಬಹಳಷ್ಟು ಆಫ್ರಿಕಾ ಸಿಂಹ ಮತ್ತು ಗಿರ್ ಸಿಂಹ ಬೆರೆತ ಮಿಶ್ರತಳಿ. ಅವುಗಳ ಸಂತಾನ ಬೆಳೆಸಬಾರದು ಅನ್ನೋದು ಕೇಂದ್ರ ಮೃಗಾಲಯ ಪ್ರಾಧಿಕಾರದ ನೀತಿ. ಅಂಥ ಸಿಂಹಕ್ಕೆ ವಯಸ್ಸಾಗುತ್ತೆ, ಮುಂದೆ ಮರಿ ಇಲ್ಲ. ಒಂಟಿ ಸಿಂಹವನ್ನ ಕಾಡು ಮಾಡಲಿಲ್ಲ, ನಾವು ಮಾಡಿದ್ವಿ.

ನೋಡಬೇಕು ಅನ್ನಿಸಿದ್ರೆ ಹೋಗಿ. ನಮ್ಮ ಸ್ಟೇಷನ್‌ನಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ 365 ನಂಬರ್ ಬಸ್. ಮಂಗಳವಾರ ರಜೆ. ಸಫಾರಿಯಲ್ಲಿ ಸೆಲ್ಫಿಗಿಂತ ಮೊದಲು ಅವು ಯಾರ ಪಕ್ಕ ಮಲಗಿವೆ ಅಂತ ನೋಡಿ.

(8/8) ನಮಗೇನು?

ಪ್ರಾಣಿ ವಿಷಯ ತಾನೇ, ಇಷ್ಟೊಂದು ಯಾಕೆ ಬರೀಬೇಕು ಅನ್ನೋರಿಗೆ ನನ್ನ ಉತ್ತರ ಇದು.

ರಿಸಲ್ಟ್ ಬಂದ ವಾರ ನೆನಪಿಸ್ಕೊಳ್ಳಿ. ಪಾಸ್ ಆದವರ ಸ್ಟೋರಿ ಎಲ್ಲ ಕಡೆ. ಫೇಲ್ ಆದವರು ಗ್ರೂಪಿಂದ ಮೆಲ್ಲಗೆ ಎಕ್ಸಿಟ್. ಮತ್ತೆ ಬರೆಯೋಕೆ ಅವಕಾಶ ಇದ್ದೇ ಇದೆ, ಹೇಳ್ಕೊಡೋಕೆ ಪಕ್ಕದ ಬೆಂಚಿನವರೂ ಇದ್ದಾರೆ. ಆದ್ರೆ ಕೇಳಿದ್ರೆ ಎಲ್ಲಿ ಚಿಕ್ಕವನಾಗಿಬಿಡ್ತೀನೋ ಅಂತ ಒಂದು ಭಯ. ಆ ಭಯಕ್ಕೆ ಈ ಸಿಂಹದ ಲೈನ್ ಚೆನ್ನಾಗಿ ಮುಚ್ಚಳ ಹಾಕುತ್ತೆ. ಹೊರಗಿಂದ ಆಟಿಟ್ಯೂಡ್ ಥರ ಕಾಣುತ್ತೆ, ಒಳಗೆ ಇರೋದು ಯಾರಿಗೂ ಗೊತ್ತಾಗಲ್ಲ.

ಒಂಟಿಯಾಗಿರೋದು ತಪ್ಪಾ? ಇಲ್ಲ. ಕೆಲವರಿಗೆ ಒಬ್ಬರೇ ಕೂತು ಓದೋದು, ಒಬ್ಬರೇ ನಡೆಯೋದು ಇಷ್ಟ. ಅದು ಅವರ ಸ್ವಭಾವ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ. ಪ್ರತಿ ಗುಂಪೂ ಒಳ್ಳೇದು ಅಂತಾನೂ ನಾನು ಹೇಳ್ತಿಲ್ಲ. ಒಬ್ಬನನ್ನ ಹಿಡಿದು ಗೋಳು ಹುಯ್ಯೋಕೆ ಸೇರೋ ಗುಂಪಿಗಿಂತ ಒಂಟಿಯಾಗಿರೋದೇ ವಾಸಿ. ನನ್ನ ಜಗಳ ಇರೋದು ಒಂದೇ ಮಾತಿನ ಜೊತೆ: ಸಹಾಯ ಕೇಳೋನು ದುರ್ಬಲ ಅನ್ನೋ ಮಾತು. ಬಲ ಅಂದ್ರೆ ಏನು ಅಂತ ತೋರಿಸೋಕೆ ನಾವು ಆರಿಸ್ಕೊಂಡ ಪ್ರಾಣಿನೇ ತನ್ನವರನ್ನ ಕರೆಯೋಕೆ 8 ಕಿ.ಮೀ. ಕೇಳೋ ಹಾಗೆ ಕೂಗುತ್ತೆ.

ಹಾಗಾಗಿ ಎರಡು ಕೆಲಸ. ಒಂದು, ಸಿಂಹದ ಡಿಪಿ ಇಟ್ಕೊಂಡು ಸುಮ್ಮನಾಗಿರೋ ಒಬ್ಬ ಗೆಳೆಯ ಅಥವಾ ಗೆಳತಿ ನಿಮಗೆ ಗೊತ್ತಿದ್ರೆ ಈ ಸರಣಿ ಫಾರ್ವರ್ಡ್ ಮಾಡೋದು ಸಾಲಲ್ಲ. ಫೋನ್ ಮಾಡಿ. ಟೀ ಕುಡಿಯೋಕೆ ಕರೀರಿ. ಎರಡು, ಆ ಸುಮ್ಮನಾಗಿರೋರು ನೀವೇ ಆಗಿದ್ರೆ ಇವತ್ತು ಒಬ್ಬರಿಗೆ, ಒಬ್ಬರಿಗೇ ಸಾಕು, ಹೇಳಿ. ಗೊತ್ತಿರೋರ ಹತ್ರ ಹೇಳೋಕೆ ಆಗಲ್ಲ ಅಂದ್ರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಕಾಮೆಂಟಲ್ಲಿ ಬೆಂಕಿ ಎಮೋಜಿ ಬೇಡ. ನಿಮ್ಮ ಜೊತೆ ನಿಂತ ಒಬ್ಬರನ್ನ ಟ್ಯಾಗ್ ಮಾಡಿ.

#ಗೊರಗುಂಟೆಪಾಳ್ಯ #ಸಿಂಹಸಿಂಗಲ್‌ಅಲ್ಲ #ಕನ್ನಡದಲ್ಲಿಓದಿ #ಬನ್ನೇರುಘಟ್ಟ